ಲೋಡ್ ಶೆಡ್ಡಿಂಗ್: ಯಾರ ಸರದಿ ಮೊದಲು?

ನಮ್ಮ ಗ್ರಿಡ್, ಅಂದರೆ ವಿದ್ಯುತ್ ಜಾಲ, 50 ಹರ್ಟ್ಜ್ ಫ್ರೀಕ್ವೆನ್ಸಿಯಲ್ಲಿ (ಸೆಕೆಂಡಿಗೆ 50 ಆವರ್ತನ) ಓಡಬೇಕು. ಬೇಡಿಕೆ ಜಾಸ್ತಿಯಾಗಿ ಉತ್ಪಾದನೆ ಸಾಲದಾದರೆ ಜನರೇಟರುಗಳು ನಿಧಾನವಾಗುತ್ತವೆ. ಶಿರಾಡಿ ಘಾಟಿ ಹತ್ತುವ ಲೋಡ್ ಲಾರಿ ಉಬ್ಬಸ ಪಡುತ್ತದಲ್ವಾ, ಹಾಗೆ. ಫ್ರೀಕ್ವೆನ್ಸಿ 49.90ರಿಂದ 50.05ರ ಒಳಗಿದ್ದರೆ ಕ್ಷೇಮ. ತೀರಾ ಕುಸಿದರೆ ಸಬ್‌ಸ್ಟೇಷನ್‌ನ ಅಂಡರ್ ಫ್ರೀಕ್ವೆನ್ಸಿ ರಿಲೇ (ಫ್ರೀಕ್ವೆನ್ಸಿ ಇಳಿದಾಗ ಕೆಲಸ ಮಾಡುವ ಸ್ವಯಂಚಾಲಿತ ಸಾಧನ) ಯಾರನ್ನೂ ಕೇಳದೆ ಫೀಡರ್, ಅಂದರೆ ಒಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನ್, ಟ್ರಿಪ್ ಮಾಡುತ್ತದೆ. ಫೋನ್ ಮಾಡಿ ಕೇಳುವಷ್ಟು ಹೊತ್ತು ಅಲ್ಲಿರುವುದಿಲ್ಲ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಒಟ್ಟಿಗೆ ಬಿದ್ದವು. ಆಗ ನಾವು, ದಕ್ಷಿಣದವರು, ಆ ಜಾಲಕ್ಕೆ ಡಿಸಿ ಲಿಂಕ್‌ಗಳಿಂದ (ಫ್ರೀಕ್ವೆನ್ಸಿಯ ಏರುಪೇರು ದಾಟದ ನೇರ ವಿದ್ಯುತ್ ಲೈನ್) ಮಾತ್ರ ಸೇರಿಕೊಂಡಿದ್ದರಿಂದ ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ನಾವೂ ಅದೇ ಗ್ರಿಡ್‌ಗೆ ಸೇರಿದೆವು.

ರಿಲೇಗೆ ಗೊತ್ತಿರುವುದು ಫ್ರೀಕ್ವೆನ್ಸಿ ಒಂದೇ. ಯಾವ ಫೀಡರ್ ಬೀಳಬೇಕು ಅನ್ನೋದನ್ನು ಯಾರೋ ಮೊದಲೇ ಕೂತು ಬರೆದಿರುತ್ತಾರೆ. ಆಸ್ಪತ್ರೆ, ಕುಡಿಯುವ ನೀರಿನ ಫೀಡರ್ ಬಿಟ್ಟುಬಿಡಿ, ಅದರಲ್ಲಿ ತಕರಾರಿಲ್ಲ. ಆದರೆ ಆಸ್ಪತ್ರೆ ಫೀಡರ್‌ನಲ್ಲೇ ಇರುವ ಬಡಾವಣೆಯೂ ಸುಮ್ನೆ ಬಚಾವಾಗುತ್ತದೆ!

ಕೊರತೆ ದಿನಗಟ್ಟಲೆ ಇದ್ದಾಗ ಸರದಿ ಹಾಕಬೇಕು. ಇಲ್ಲೇ ಎಡವುವುದು. ಒಂದು ಲೆಕ್ಕ ಮಾಡೋಣ. ಕೊರತೆ 2 ಮೆಗಾವಾಟ್. ಹಾಸನ ಪೇಟೆಯ ಒಂದು ಫೀಡರ್ 4 ಮೆಗಾವಾಟ್, ಹಳ್ಳಿಯ ಎರಡು ಫೀಡರ್ ತಲಾ 2 ಅಂದುಕೊಳ್ಳಿ. 'ಬೇಕಾದಷ್ಟೇ ತೆಗೆ' ಅಂತ ಪ್ರೋಗ್ರಾಂ ಬರೆದರೆ ಅದು ಪ್ರತಿ ಸಲ ಹಳ್ಳಿಯ ಫೀಡರ್‌ಗಳಲ್ಲಿ ಒಂದನ್ನೇ ತೆಗೆಯುತ್ತದೆ. ಪೇಟೆ ತೆಗೆದರೆ 2 ಮೆಗಾವಾಟ್ ಸುಮ್ಮನೆ ದಂಡ ತಾನೇ? ಲೆಕ್ಕ ಸರಿ, ಸರದಿ ತಪ್ಪು. ಅದಕ್ಕೆ ಪ್ರತಿ ಫೀಡರ್‌ಗೂ ಒಂದು ಖಾತೆ ಇಡಿ. ಕರೆಂಟ್ ಇಲ್ಲದ ನಿಮಿಷಗಳನ್ನು ಕೂಡುತ್ತಾ ಹೋಗಿ. ಯಾರ ಖಾತೆಯಲ್ಲಿ ಕಡಿಮೆಯಿದೆಯೋ ಅವರು ಮುಂದಿನವರು. ಕೆರೆ ನೀರಿಗೆ ನೀರಗಂಟಿ ಇಡುತ್ತಿದ್ದ ಸರದಿಯೂ ಹೀಗೇ ಅಲ್ವಾ?

ಆದರೂ ನಿಮಿಷಕ್ಕೆ ನಿಮಿಷ ಸಮವಲ್ಲ. ಐಪಿ ಸೆಟ್‌ಗೆ (ನೀರಾವರಿ ಪಂಪ್‌ಗೆ) ರಾತ್ರಿ 2ಕ್ಕೆ ಥ್ರೀ ಫೇಸ್ ಕೊಟ್ಟರೂ ಖಾತೆಯಲ್ಲಿ ಅದು ಹಗಲಿನಷ್ಟೇ. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವಾಗ ಮೋಟರ್ ಹಾಕಲು ಹೋಗುವವರಾರು? ನನ್ನ ಮಟ್ಟಿಗೆ ಹಗಲಿನ ನಿಮಿಷಕ್ಕೆ ಬೇರೆ ತೂಕ ಕೊಡಲೇಬೇಕು. ಇದೇ ಕಷ್ಟಕ್ಕೆ ರೈತರು ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಕರೆಂಟ್ ಬಂದ ಕೂಡಲೇ ಎಲ್ಲ ಮೋಟರ್ ಒಟ್ಟಿಗೆ ಎದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಡಬಹುದು, ಫೀಡರ್ ಮತ್ತೆ ಟ್ರಿಪ್ ಆಗಬಹುದು. ಹಾಗಾಗಿ ವಾಪಸ್ ಕೊಡುವಾಗಲೂ ಒಂದೊಂದೇ ಫೀಡರ್, ನಡುವೆ ಸ್ವಲ್ಪ ಬಿಡುವು. ಆ ಬಿಡುವಿನ ನಿಮಿಷಗಳನ್ನೂ ಖಾತೆಗೆ ಸೇರಿಸಿ. ನಾನು ಮೊದಲ ಸಲ ಪ್ರೋಗ್ರಾಂ ಬರೆದಾಗ ಅದನ್ನೇ ಮರೆತಿದ್ದೆ.