ಹುಳು ಮುಟ್ಟದ ಕಾಟಿಯ ತಲೆ

ಚಿಕ್ಕಮಗಳೂರಿನ ಹಳೆಯ ತೋಟದ ಬಂಗಲೆಗಳಲ್ಲಿ ಕಾಟಿಯದೋ ಕಡವೆಯದೋ ತಲೆ ಗೋಡೆಯ ಮೇಲಿರುವುದನ್ನು ನೋಡಿರುತ್ತೀರಿ. ಮಲೆನಾಡಿನ ಮಳೆಗಾಲಕ್ಕೆ ಚಪ್ಪಲಿ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿಟ್ಟ ಉಣ್ಣೆ ಶಾಲನ್ನು ನುಸಿ ತಿನ್ನುತ್ತದೆ. ಆ ತಲೆಯ ಕೂದಲು ಮಾತ್ರ ಎಷ್ಟೋ ದಶಕಗಳಿಂದ ಹಾಗೆಯೇ ನಿಂತಿರುತ್ತದೆ. ಬಹಳ ಸಲ ಅದನ್ನು ಕಾಯುತ್ತಿರುವುದು ಚರ್ಮದ ಒಳಮೈಗೆ ಸವರಿದ ಪಾಷಾಣ, ಅಂದರೆ ಆರ್ಸೆನಿಕ್.

18ನೇ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಎಂಬ ಔಷಧ ತಯಾರಕ ಪಾಷಾಣಕ್ಕೆ ಸಾಬೂನು, ಕರ್ಪೂರ, ಸುಣ್ಣ ಬೆರೆಸಿ ಈ ಲೇಪವನ್ನು ಮಾಡಿದ. ಜಗತ್ತಿನ ವಸ್ತುಸಂಗ್ರಹಾಲಯಗಳೆಲ್ಲ ಇದನ್ನು ನೆಚ್ಚಿಕೊಂಡವು. ಆದರೆ ಆರ್ಸೆನಿಕ್ ಮೂಲಧಾತು. ಅದು ಕೊಳೆಯುವುದಿಲ್ಲ, ಹಳತಾದಂತೆ ಸತ್ವ ಕಳೆದುಕೊಳ್ಳುವುದೂ ಇಲ್ಲ. ಚರ್ಮ ಬಿರಿದಾಗ ಕಣ್ಣಿನ ಸುತ್ತ, ಕಿವಿಯ ಬುಡದಲ್ಲಿ, ಹೊಲಿಗೆಯ ಗುಂಟ ಬಿಳಿ ಪುಡಿಯಾಗಿ ಹೊರಬರುತ್ತದೆ. ಹಬ್ಬದ ಹಿಂದಿನ ದಿನ ಅದನ್ನು ಬರಿಗೈಯಲ್ಲಿ ಒರೆಸುವ ಕೆಲಸದಾಕೆಗೆ ಇದನ್ನು ಹೇಳಿದವರು ಯಾರು? ಪರೀಕ್ಷೆಯಾಗುವವರೆಗೆ ಪ್ರತಿಯೊಂದು ಹಳೆಯ ತಲೆಯನ್ನೂ ವಿಷವೆಂದೇ ಎಣಿಸಬೇಕು. ಕೈಗವಸು, ಮುಖಗವಸು ಇಲ್ಲದೆ ಮುಟ್ಟಬಾರದು.

ಪಾಷಾಣದ ಬದಲು ಹುಳು ಕೊಲ್ಲಲು ಬಿಡುವ ಅನಿಲಗಳು ವಸ್ತುವಿನ ಮೇಲೆಯೇ ಎರಗುತ್ತವೆ. ಗೋದಾಮಿನ ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದು ಮರದ ಪೆಟ್ಟಿಗೆಯೊಳಗಿನ ಕುಟ್ಟೆಹುಳುವನ್ನು ಕೊಲ್ಲುತ್ತದೆ, ಪೆಟ್ಟಿಗೆಯ ತಾಮ್ರ, ಹಿತ್ತಾಳೆಯ ಪಟ್ಟಿಯನ್ನೂ ತಿನ್ನುತ್ತದೆ. ಮಿಥೈಲ್ ಬ್ರೋಮೈಡ್ ಎಂಬ ಇನ್ನೊಂದು ಅನಿಲ ಉಣ್ಣೆ, ಗರಿ, ಚರ್ಮದ ಗಂಧಕದೊಂದಿಗೆ ಸೇರಿ ಹೋಗದ ದುರ್ವಾಸನೆ ಹುಟ್ಟಿಸುತ್ತದೆ. ಓಝೋನ್ ಪದರಕ್ಕೆ ಕೇಡೆಂದು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಿತ ವಸ್ತುಗಳ ಪಟ್ಟಿಗೂ ಸೇರಿತು. ಇಷ್ಟಾದರೂ ಅನಿಲ ಹಾರಿಹೋದ ಮರುದಿನವೇ ಹೊಸ ಹುಳು ಬಂದು ಮೊಟ್ಟೆಯಿಡಬಹುದು. ಇನ್ನು ನುಸಿಗುಳಿಗೆ: ಸಂದುಗಳಿರುವ ಬೀರುವಿನಲ್ಲಿ ಅದರ ವಾಸನೆಯಷ್ಟೇ ನಮಗೆ, ಹುಳುವಿಗೆ ಸಾವಿಲ್ಲ.

ನನಗೆ ಒಪ್ಪಿಗೆಯಾದದ್ದು ಚಳಿಯ ದಾರಿ. ಹುಳು ಹಿಡಿದ ಉಣ್ಣೆ ಬಟ್ಟೆಯನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಎರಡು ವಾರ ಇಟ್ಟರೆ ಮೊಟ್ಟೆ, ಮರಿಹುಳು ಎಲ್ಲವೂ ಸಾಯುತ್ತವೆ. ಪಾಷಾಣದ ಅನುಮಾನವಿರುವ ವಸ್ತುವನ್ನು ಮಾತ್ರ ಅಡುಗೆಮನೆಯ ಫ್ರಿಜ್ಜಿನ ಹತ್ತಿರಕ್ಕೂ ತರಬೇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಲೂಬಾರದು. ತಣ್ಣಗಿನ ಬಟ್ಟೆಯ ಮೇಲೆ ಮಲೆನಾಡಿನ ಗಾಳಿಯ ತೇವ ಹನಿಗಟ್ಟುತ್ತದೆ; ಒಂದು ಇಡೀ ದಿನ ಚೀಲ ಹಾಗೆಯೇ ಇರಲಿ, ಹನಿ ಹೊರಮೈಯಲ್ಲೇ ನಿಲ್ಲುತ್ತದೆ.