ತೀರ್ಮಾನ ಮಾಡುವಾಗ ಭಾವನೆ ಪಕ್ಕಕ್ಕಿಡಬೇಕಾ?

ಓದುಗರ ಪ್ರಶ್ನೆ: ಸೈಟ್ ಕೊಳ್ಳೋದಿರಲಿ, ಕೆಲಸ ಬಿಡೋದಿರಲಿ, "ಭಾವನೆ ಬದಿಗಿಡು, ತಲೆ ಓಡಿಸು" ಅಂತಾರೆ ಮನೆಯವರು. ಎಮೋಷನಲ್ ಇಂಟೆಲಿಜೆನ್ಸ್, ಅಂದರೆ ಭಾವನೆಗಳನ್ನು ಅರಿತು ನಿಭಾಯಿಸುವ ಜಾಣತನ, ಇದ್ದವರ ತೀರ್ಮಾನ ಚೆನ್ನಾಗಿರುತ್ತೆ ಅಂತಲೂ ಕೇಳಿದ್ದೇನೆ. ಯಾವುದು ಸರಿ?

ಬದಿಗಿಡಬೇಡಿ. ಇಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ಪುಸ್ತಕದಲ್ಲಿ ಬರೆದ ಒಬ್ಬ ರೋಗಿಯನ್ನು ನೋಡಿ. ಎಲಿಯಟ್ ಅನ್ನೋದು ಅವರೇ ಇಟ್ಟ ಹೆಸರು. ಮೆದುಳಿನ ಮುಂಭಾಗದ ಗೆಡ್ಡೆ ತೆಗೆದ ಮೇಲೂ ಆತನ ನೆನಪು, ಮಾತು, ಐಕ್ಯೂ ಎಲ್ಲ ಚೆನ್ನಾಗಿಯೇ ಇದ್ದವು, ಆದರೆ ತನ್ನ ಕಷ್ಟವನ್ನೇ ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳುತ್ತಿದ್ದ. ಆಫೀಸಿನ ಕಾಗದ ಜೋಡಿಸಲು ಕೂತರೆ ತಾರೀಖಿನ ಪ್ರಕಾರ ಇಡಬೇಕಾ, ಅಳತೆ ಪ್ರಕಾರವಾ ಅಂತ ಮಧ್ಯಾಹ್ನವೆಲ್ಲ ಅದೇ ಯೋಚನೆ. ಕೆಲಸ ಹೋಯಿತು. ಬೇಡ ಬೇಡ ಅಂದರೂ ಕೇಳದೆ ಕೈ ಹಾಕಿದ ವ್ಯವಹಾರದಲ್ಲಿ ದುಡ್ಡು ಹೋಯಿತು, ಮದುವೆಯೂ ಉಳಿಯಲಿಲ್ಲ. ತಲೆ ಓಡುತ್ತಿತ್ತು, ಯಾವುದು ಮುಖ್ಯ ಅಂತ ಒಳಗಿನಿಂದ ಹೇಳುವ ಭಾವನೆ ಇರಲಿಲ್ಲ, ಅಷ್ಟೇ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಡಮಾಸಿಯೊ ಅವರ ತಂಡ ಇಸ್ಪೀಟಿನಂಥ ಒಂದು ಆಟವನ್ನೂ ಆಡಿಸಿತು. ನಾಲ್ಕು ಕಟ್ಟು. ಎರಡರಲ್ಲಿ ಎಲೆಗೆ 100 ಡಾಲರ್ ಗೆಲುವು, ಆದರೆ ನಡುನಡುವೆ ದೊಡ್ಡ ಏಟು. ಇನ್ನೆರಡರಲ್ಲಿ 50 ಡಾಲರ್, ನಷ್ಟವೂ ಸಣ್ಣದು. ಕೊನೆಗೆ ಲೆಕ್ಕ ಹಾಕಿದರೆ 100ರ ಕಟ್ಟುಗಳಲ್ಲಿ ನಷ್ಟ, 50ರ ಕಟ್ಟುಗಳಲ್ಲಿ ಲಾಭ. ಆರೋಗ್ಯವಂತರಿಗೆ ಯಾವ ಕಟ್ಟು ಕೆಟ್ಟದ್ದು ಅಂತ ಬಾಯಿಬಿಟ್ಟು ಹೇಳಲು ಬರುವ ಮುಂಚೆಯೇ ಅದರ ಕಡೆ ಕೈ ಚಾಚಿದಾಗ ಅಂಗೈ ಬೆವರುತ್ತಿತ್ತು. ಎಲಿಯಟ್‌ನಂಥ ರೋಗಿಗಳಿಗೆ ಆ ಬೆವರು ಇಲ್ಲ, ಅವರು ಸೋಲುತ್ತಲೇ ಹೋದರು.

ಹಾಗಂತ ಮನಸ್ಸು ಹೇಳಿದ್ದಕ್ಕೆಲ್ಲ ತಲೆಯಾಡಿಸೋದಾ? ಅಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಅಂತ ನಮ್ಮ ಗಾದೆಯೇ ಇದೆ. ನೀವು ಕೇಳಿದ ಎಮೋಷನಲ್ ಇಂಟೆಲಿಜೆನ್ಸ್‌ನ ಜಾಣತನ ಇರೋದು ಈ ಭಾವನೆ ಎಲ್ಲಿಂದ ಬಂತು ಅಂತ ಗುರುತಿಸುವುದರಲ್ಲಿ. ಸಂಶೋಧಕರಾದ ಜೆರೆಮಿ ಯಿಪ್ ಮತ್ತು ಸ್ಟೆಫಾನ್ ಕೋತೆ 2013ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಇಷ್ಟ. ಭಾಷಣಕ್ಕೆ ತಯಾರಾಗಿ ಅಂತ ಹೇಳಿ ಜನರಿಗೆ ಆತಂಕ ಹುಟ್ಟಿಸಿದರು, ಆಮೇಲೆ ಭಾಷಣಕ್ಕೆ ಸಂಬಂಧವೇ ಇಲ್ಲದ, ರಿಸ್ಕ್ ತೆಗೆದುಕೊಳ್ಳಬೇಕಾದ ಒಂದು ಆಯ್ಕೆ ಮುಂದಿಟ್ಟರು. ಭಾವನೆಯ ಮೂಲ ಗುರುತಿಸಲು ಬಾರದವರು ಆ ಭಯವನ್ನು ಇಲ್ಲಿಗೂ ಹೊತ್ತು ತಂದು ಹಿಂಜರಿದರು. ಗುರುತಿಸಬಲ್ಲವರ ಮೇಲೆ ಅದರ ಪ್ರಭಾವ ಕಡಿಮೆ. ಖುಷಿಯ ವಿಷಯ ಅಂದರೆ, ನಿಮ್ಮ ಆತಂಕ ಭಾಷಣದ್ದು ಅಂತ ಮೊದಲೇ ಹೇಳಿಬಿಟ್ಟಾಗ ಎರಡೂ ಗುಂಪಿನವರ ನಡುವಿನ ಆ ವ್ಯತ್ಯಾಸವೇ ಹೋಯಿತು. ಯಾರಾದರೂ ಸುಮ್ನೆ ನೆನಪಿಸಿದರೂ ಸಾಕು ಅಂತಾಯ್ತು ಅಲ್ವಾ?

ಈಗ ನಿಮ್ಮ ಸೈಟ್ ವಿಷಯ. ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಬೈಸಿಕೊಂಡು, ಸಂಜೆ ಸೈಟ್ ನೋಡಿ ಯಾಕೋ ಬೇಡ ಅನಿಸಿದರೆ ಅದು ಸೈಟಿನ ತಪ್ಪಲ್ಲ, ಭಾನುವಾರ ಇನ್ನೊಮ್ಮೆ ಹೋಗಿ ನೋಡಿ. ಆದರೆ ಮಾರುವವರು "ಇವತ್ತೇ ಅಡ್ವಾನ್ಸ್ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ" ಅಂತ ಅವಸರ ಮಾಡಿದಾಗ ಹೊಟ್ಟೆಯಲ್ಲಿ ಕಸಿವಿಸಿಯಾದರೆ, ಆ ಕಸಿವಿಸಿ ಈ ವ್ಯವಹಾರದ್ದೇ. ಇಸಿ (ಋಣಭಾರ ಪತ್ರ) ತೆಗೆಸಿ, ಮದರ್ ಡೀಡ್ (ಆಸ್ತಿಯ ಮೂಲ ಪತ್ರ) ವಕೀಲರಿಗೆ ತೋರಿಸಿ, ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.