ಮಳೆಯಲ್ಲಿ ನೆನೆಯುವ ಸೀತಾಳೆ, ಮಾಡಿನಡಿ ಕೊಳೆಯುವ ಆರ್ಕಿಡ್

ಆಷಾಢ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆಯವರು ನಮ್ಮ ನರ್ಸರಿಗೆ ಬಂದು ಕೇಳುವುದು ಒಂದೇ ಪ್ರಶ್ನೆ. "ಮಾರಾಯರೆ, ಹಲಸಿನ ಮರದ ಸೀತಾಳೆ ಮಳೆಗಾಲವಿಡೀ ನೆನೆದರೂ ಗಟ್ಟಿಯಾಗಿದೆ. ನಿಮ್ಮಿಂದ ಒಯ್ದದ್ದು ಜಗಲಿಯಲ್ಲಿದ್ದೂ ಕೊಳೆಯಿತಲ್ಲ?"

ಒಯ್ದದ್ದು ಹೆಚ್ಚಾಗಿ ರಿಂಕೋಸ್ಟೈಲಿಸ್ ಜೈಗ್ಯಾಂಟಿಯಾ ಎಂಬ ಆರ್ಕಿಡ್. ನಮ್ಮ ಸೀತಾಳೆ ದಂಡೆಯ, ಅಂದರೆ ರಿಂಕೋಸ್ಟೈಲಿಸ್ ರೆಟುಸಾ ಎಂಬ ಕಾಡು ಆರ್ಕಿಡ್‌ನ, ದಾಯಾದಿ. ತವರು ಬರ್ಮಾ, ಥಾಯ್ಲೆಂಡ್, ವಿಯೆಟ್ನಾಂ ಕಡೆ. ಥಾಯ್ ಜನ ಇದನ್ನು 'ಛಾಂಗ್' ಎನ್ನುತ್ತಾರೆ, ಆನೆ ಎಂದರ್ಥ. ನಮ್ಮದು ಮಳೆಯ ಬಾಗಿಲಲ್ಲಿ, ಮೇ-ಜೂನ್‌ನಲ್ಲಿ ಹೂ ಬಿಟ್ಟರೆ ಅದು ಜನವರಿ-ಫೆಬ್ರವರಿಯಲ್ಲಿ. ಪರಿಮಳದಲ್ಲಿ ಮಾತ್ರ ದಾಯಾದಿಯೇ ಮೇಲು ಎಂದು ಒಪ್ಪಿಕೊಳ್ಳಬೇಕು.

ಪ್ರಶ್ನೆಗೆ ಉತ್ತರ ಆ ಹಲಸಿನ ಮರದಲ್ಲೇ ಇದೆ. ಸೀತಾಳೆ ಅಲ್ಲಿ ನೆಟ್ಟಗೆ ನಿಂತಿರುವುದಿಲ್ಲ. ಕೊಂಬೆಯ ಮಗ್ಗುಲಿಗೆ ಅಂಟಿ ಹೊರಕ್ಕೆ ಬಾಗಿರುತ್ತದೆ. ಸುಳಿಗೆ ಬಿದ್ದ ನೀರು ನಿಲ್ಲದೆ ಜಾರುತ್ತದೆ. ಬೇರುಗಳು ತೊಗಟೆಯ ಮೇಲೆ ಬಯಲಲ್ಲೇ ಹರಡಿರುವುದರಿಂದ ಮಳೆ ಹೊಳವಾದ ಕೂಡಲೇ ಗಾಳಿಗೆ ಆರುತ್ತವೆ. ನಾವೋ ಗಿಡವನ್ನು ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿ ಸುತ್ತ ತೆಂಗಿನ ಸಿಪ್ಪೆ ತುಂಬುತ್ತೇವೆ. ಜಗಲಿಯಲ್ಲಿ ಮಳೆ ಬೀಳುವುದಿಲ್ಲ ನಿಜ, ಗಾಳಿಯೂ ಆಡುವುದಿಲ್ಲ. ಒಮ್ಮೆ ನೆನೆದ ಸಿಪ್ಪೆ ವಾರ ಕಳೆದರೂ ಹಸಿಯೇ. ತೋಟದಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂಬ ಆಸೆಗೆ ಮೊದಲ ವರ್ಷ ನಾನೇ ಮೂರು ಗಿಡಗಳನ್ನು ಹೀಗೆ ಕೊಂದಿದ್ದೇನೆ.

ಈಗ ಪಟ್ಟಿ ಹೊಡೆದ ಮರದ ಬುಟ್ಟಿ, ಅದರಲ್ಲಿ ನಾಲ್ಕಾರು ದಪ್ಪ ಇದ್ದಿಲ ತುಂಡು, ಅಷ್ಟೇ. ಗಿಡವನ್ನು ಸ್ವಲ್ಪ ಓರೆಯಾಗಿ ಕಟ್ಟುತ್ತೇನೆ. ಬೇರುಗಳು ಹೊರಗೆ ಜೋತುಬಿದ್ದರೆ ಒಳಗೆ ತುರುಕಲು ಹೋಗಬೇಡಿ. ಬುಟ್ಟಿ ಸಾಲದಾದಾಗ ಹಳೆಯದನ್ನು ಕೀಳದೆ, ಹಾಗೆಯೇ ದೊಡ್ಡ ಬುಟ್ಟಿಯೊಳಗೆ ಇಳಿಸಿ. ಬೇರು ಕೆದಕಿದರೆ ಈ ಗಿಡ ಮುನಿಸಿಕೊಳ್ಳುತ್ತದೆ.

ನೀರಿಗೆ ಗಡಿಯಾರ ಬೇಡ, ಬೇರಿನ ಬಣ್ಣ ನೋಡಿ. ಹೊರಗಿನ ಸ್ಪಂಜಿನಂಥ ಪದರ ಒಣಗಿದಾಗ ಬೆಳ್ಳಿಯಂತೆ ಬಿಳಿ, ನೀರು ಕುಡಿದಾಗ ಹಸಿರು. ಬೇಸಗೆಯಲ್ಲಿ ದಿನವೂ ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಕೊಡಬೇಕು. ಜುಲೈಯ ಜಡಿಮಳೆಯಲ್ಲಿ ಮಾಡಿನಡಿಯ ಗಿಡಗಳಿಗೆ ನಾನು ಎಷ್ಟೋ ದಿನ ಹನಿ ನೀರೂ ಹಾಕುವುದಿಲ್ಲ. ಮಳೆ ಬಿಟ್ಟ ಮೇಲೆ ವಾರಕ್ಕೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ ಸಾಕು.

ಸುಳಿ ಕೊಳೆಯುವುದೆಂದರೇನು ಎಂದು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಕುಲದ ಸೂಕ್ಷ್ಮಜೀವಿಗಳೇ ಆರ್ಕಿಡ್‌ನ ಕಪ್ಪು ಕೊಳೆಗೂ ಕಾರಣ. ಹಾಗೆಂದು ಅಡಿಕೆಗೆ ಹೊಡೆದು ಉಳಿದ, ತಾಮ್ರವಿರುವ ಬೋರ್ಡೊ ದ್ರಾವಣವನ್ನು ಇದಕ್ಕೆ ಸುರಿಯಬೇಡಿ. ಡೆಂಡ್ರೋಬಿಯಂನಂಥ ಕೆಲವು ಆರ್ಕಿಡ್‌ಗಳಿಗೆ ತಾಮ್ರ ಒಗ್ಗುವುದಿಲ್ಲ. ಕೊಳೆತ ಎಲೆಯನ್ನು ಶುಚಿಯಾದ ಬ್ಲೇಡಿನಿಂದ ಕತ್ತರಿಸಿ, ಗಾಳಿಯಾಡುವಲ್ಲಿ ತೂಗುಹಾಕಿ, ನೀರು ನಿಲ್ಲಿಸಿ. ಒಂಟಿ ಸುಳಿಯ ಗಿಡ ಇದು. ಸುಳಿ ಹೋದ ಮೇಲೆ ಬುಡದಿಂದ ಮರಿ ಬಂದರೆ ಅದೃಷ್ಟ.

ಬೆಳಕಿನದು ಇನ್ನೊಂದು ತಕರಾರು. ದಟ್ಟ ಅಡಿಕೆ ತೋಟದ ನೆರಳಿನಲ್ಲಿ ಎಲೆ ಕಡುಹಸಿರಾಗಿ ಚೆಂದ ಕಾಣುತ್ತದೆ, ಹೂವು ಮಾತ್ರ ಇಲ್ಲ. ಶೇಕಡಾ 50ರ ನೆರಳು ಬಲೆಯಡಿ ಎಲೆ ತುಸು ಹಳದಿಗೆ ತಿರುಗಿದ ಹಸಿರಾಗಿದ್ದರೆ ಹದ ಸರಿಯಿದೆ.

ಸಾಗರದ ಶಿಕ್ಷಕಿಯೊಬ್ಬರು ಹೂಗೊಂಚಲಿನ ಸಮೇತ ಗಿಡ ವಾಪಸು ತಂದು, "ಪರಿಮಳವೇ ಇಲ್ಲ" ಎಂದಿದ್ದರು. ವಿಚಾರಿಸಿದರೆ, ಅವರು ಹೂ ಮೂಸುತ್ತಿದ್ದುದು ಶಾಲೆಗೆ ಹೊರಡುವ ಮೊದಲು ಚಳಿಯಲ್ಲಿ, ಮತ್ತೆ ಕತ್ತಲಾದ ಮೇಲೆ! ಇದರ ಪರಿಮಳ ಹಗಲಿನದು, ಬಿಸಿಲೇರಿದಾಗಿನದು. ಭಾನುವಾರದವರೆಗೆ ಕಾಯಿರಿ ಎಂದು ಕಳಿಸಿದೆ. ಗಿಡ ಮರಳಿ ಬರಲಿಲ್ಲ.

ಇಷ್ಟು ಓದಿ, ಹಾಗಾದರೆ ಕಾಡಿನ ಸೀತಾಳೆಯನ್ನೇ ಕಿತ್ತು ತರೋಣ ಎನ್ನಬೇಡಿ. ಅದರ ಬೀಜ ಧೂಳಿನಷ್ಟು ಸಣ್ಣದು, ತನ್ನದೆಂಬ ಆಹಾರವಿಲ್ಲದೆ ಶಿಲೀಂಧ್ರದ ಆಸರೆಯಲ್ಲಿ ಮೊಳೆಯುತ್ತದೆ. ಹೂ ಬಿಡಲು ವರ್ಷಗಳೇ ಬೇಕು. ನಿಮ್ಮದೇ ತೋಟದಲ್ಲಿ ಗಾಳಿಮಳೆಗೆ ಸೀತಾಳೆಯಿದ್ದ ಕೊಂಬೆ ಮುರಿದು ಬಿದ್ದಿದ್ದರೆ ಮಾತು ಬೇರೆ. ಹತ್ತಿರದ ಮಾವು, ಹಲಸಿನಂಥ ಒರಟು ತೊಗಟೆಯ ಮರಕ್ಕೆ, ಎದೆಯೆತ್ತರದಲ್ಲಿ, ಹಳೆಯ ಹತ್ತಿ ಬಟ್ಟೆಯ ಪಟ್ಟಿಯಿಂದ ಗಿಡವನ್ನು ಓರೆಯಾಗಿ ಬಿಗಿಯಿರಿ. ಬಟ್ಟೆ ಕೊಳೆತು ಉದುರುವಷ್ಟರಲ್ಲಿ ಬೇರು ಮರವನ್ನು ಹಿಡಿದಿರುತ್ತದೆ.